ಮಣೆಯ ಮೇಲಿನ ಆಮೆ

ಆಮೆಗೆ ಮಣೆ ಹಾಕಿ, ಮುಂದೆ ಬಾಳೆಲೆಯ ತುಂಡು ಹಾಸಿ, ಎಲೆಯ ತುದಿಗೆ ಚಿಟಿಕೆ ಉಪ್ಪನ್ನೂ ಬಡಿಸಿ ಊಟಕ್ಕೆ ಕೂಡಿಸಿದ ಮನೆ ಇಡೀ ಮಲಾಡಿನಲ್ಲಿ ನಮ್ಮದೊಂದೇ ಇದ್ದೀತು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಇನ್ನೊಬ್ಬರು ಏನು ತಿನ್ನಬೇಕು ಎಂಬುದರಲ್ಲಿ ಪಂಡಿತರಲ್ಲದವರು ಯಾರಿದ್ದಾರೆ ಹೇಳಿ? ತಾನೇನು ತಿನ್ನಬೇಕು ಎಂದು ತಿಳಿಯದೆ ಒದ್ದಾಡುವವನೂ ಪಕ್ಕದವನ ತಟ್ಟೆ ನೋಡಿದ ಕೂಡಲೇ ವೈದ್ಯನಾಗಿಬಿಡುತ್ತಾನೆ. ನಮ್ಮ ಮನೆಯಲ್ಲಿ ಆ ತಟ್ಟೆ ಆಮೆಯದಾಗಿತ್ತು, ಅಷ್ಟೇ ವ್ಯತ್ಯಾಸ.

ನಾನಾಗ ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ. ಮಲಾಡಿನ ಒಂದು ಚಾಳಿನಲ್ಲಿ ನನ್ನ ಖೋಲಿ. ಹೋಟೆಲಿನ ಅನ್ನ ತಿಂದು ವಂಶದ ಕುಡಿ ಕೆಟ್ಟುಹೋದೀತು ಎಂದು ಹೆದರಿ ಧಾರವಾಡದಿಂದ ನನ್ನ ಸೋದರತ್ತೆ ಗಂಗಾಬಾಯಿ ಬಂದಿಳಿದಳು. ಅವಳನ್ನು ನಾನು ಅತ್ಯಾ ಎಂದು ಕರೆಯುತ್ತಿದ್ದೆ. ಅವಳ ಜೊತೆಗೆ ಒಂದು ಟ್ರಂಕು, ಒಂದು ಹಿತ್ತಾಳೆ ತಂಬಿಗೆ ಮತ್ತು ಮೂರು ತಲೆಮಾರಿನ ಮಡಿ ಬಂದವು. ದುರ್ದೈವದಿಂದ, ಅವಳು ಬರುವಷ್ಟರಲ್ಲಿ ಕುಡಿ ಅಷ್ಟಿಷ್ಟು ಕೆಟ್ಟಿತ್ತು. ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಚರ್ಚ್‌ಗೇಟಿನ ಬಳಿಯ ಇರಾಣಿ ಹೋಟೆಲಿನಲ್ಲಿ ನಾನೊಂದು ಆಮ್ಲೆಟ್ ತಿನ್ನುತ್ತಿದ್ದೆ. ನಾಲಗೆಯ ಚಪಲಕ್ಕೆಂದು ತಿಳಿಯಬೇಡಿ. ಶರೀರಕ್ಕೆ ಪ್ರೋಟೀನು ಬೇಕೆಂದು ಯಾವುದೋ ಮಾಸಪತ್ರಿಕೆಯಲ್ಲಿ ಓದಿದ್ದೆ, ವಿಜ್ಞಾನದ ಮಾತನ್ನು ಮೀರುವುದು ನನ್ನ ಸ್ವಭಾವದಲ್ಲಿಲ್ಲ. ಲೋಕಲ್ ಗೋರೆಗಾಂವ್ ಬಿಡುತ್ತಿದ್ದಂತೆ ಬಾಯಿಗೆ ಒಂದು ಏಲಕ್ಕಿ ಹಾಕಿಕೊಂಡರೆ ಮಲಾಡಿನಲ್ಲಿ ಇಳಿಯುವವನು ಪರಮ ವೈಷ್ಣವ.

ಆಮೆ ಬಂದದ್ದು ದಾದರಿನಿಂದ. ಆಫೀಸಿನ ಗೆಳೆಯ ಸಾವಂತನಿಗೆ ನಾಗಪುರಕ್ಕೆ ವರ್ಗವಾಯಿತು. ಹೊರಡುವ ಮುಂಚೆ ಅವನು ದಾದರ್ ಸ್ಟೇಷನ್ನಿನಲ್ಲಿ ಒಂದು ಡಾಲ್ಡಾ ಡಬ್ಬಿಯನ್ನು ನನ್ನ ಕೈಗಿತ್ತ. ಒಳಗೆ ಅಂಗೈಯಗಲದ ಆಮೆ. ಏನು ತಿನ್ನುತ್ತದೆ ಎಂದು ಕೇಳುವಷ್ಟರಲ್ಲಿ ನನ್ನ ಗಾಡಿ ಬಂತು. "ಕಾಹೀಪಣ ಖಾತಂ, ಕಾಳಜೀ ನಕೋ," ಎಂದು ಕೂಗಿದ. ಏನು ಬೇಕಾದರೂ ತಿನ್ನುತ್ತದೆ, ಚಿಂತೆ ಬೇಡ ಎಂದು. ಸಾವಂತ ಮೀನಿಲ್ಲದೆ ಉಂಡವನಲ್ಲ. ಅವನ 'ಏನು ಬೇಕಾದರೂ' ಎಂಬುದರಲ್ಲಿ ಅರಬ್ಬೀ ಸಮುದ್ರವೇ ಇತ್ತು. ನಮ್ಮ ಮನೆಯ 'ಏನು ಬೇಕಾದರೂ' ಈರುಳ್ಳಿಯ ಈಚೆಗೇ ಮುಗಿಯುತ್ತಿತ್ತು. ಈ ಅಂತರ ಆಗ ನನಗೆ ಹೊಳೆಯಲಿಲ್ಲ.

ಡಬ್ಬಿಯ ಮುಚ್ಚಳ ತೆಗೆದಾಗ ಅತ್ಯಾ ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕೈ ಮುಗಿದಳು.

"ಅಯ್ಯ ನಮ್ಮಪ್ಪಾ! ಕೂರ್ಮಾವತಾರಿ ತಾನಾಗೇ ಮನಿ ಹುಡಿಕ್ಕೊಂಡ ಬಂದಾನ. ಡಾಲ್ಡಾ ಡಬ್ಬ್ಯಾಗ ತರ್ತಾರೇನೋ ದೇವರನ್ನ?"

ಅವತ್ತೇ ಆಮೆಗೆ ಕೂರ್ಮಪ್ಪ ಎಂದು ನಾಮಕರಣವಾಯಿತು, ತಗಡಿನ ತೊಟ್ಟಿಯೊಂದು ಬಂತು. ಅತ್ಯಾಳ ಸಂಭ್ರಮಕ್ಕೆ ಭಕ್ತಿಯೊಂದೇ ಕಾರಣವಲ್ಲ ಎಂದು ನನಗೆ ಅರ್ಥವಾಗಲು ತಡವಾಯಿತು. ನಾನು ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಚಾಳಿನಲ್ಲೆಲ್ಲ ಮರಾಠಿ, ಗುಜರಾತಿ. ಕನ್ನಡ ಬರುತ್ತಿದ್ದವಳು ಪಕ್ಕದ ಖೋಲಿಯ ವಾರಿಜಕ್ಕ ಒಬ್ಬಳೇ, ಮಂಗಳೂರಿನ ಕಡೆಯವಳು. ಆದರೆ ಅವಳ ಒಲೆಯ ಮೇಲೆ ದಿನವೂ ಬಂಗುಡೆ ಮೀನು ಬೇಯುತ್ತಿತ್ತು. ವಾಸನೆ ಬಂದ ತಕ್ಷಣ ಅತ್ಯಾ ಕಿಟಕಿ ಮುಚ್ಚುತ್ತಿದ್ದಳು. ಕಿಟಕಿಯ ಜೊತೆ ಕನ್ನಡವೂ ಮುಚ್ಚಿಹೋಗುತ್ತಿತ್ತು. ಹಾಗಾಗಿ ಧಾರವಾಡದ ಬೀಗರ ಸುದ್ದಿ, ನಲ್ಲಿಯ ಜಗಳ, ನನ್ನ ಮದುವೆಯ ಚಿಂತೆ ಎಲ್ಲವನ್ನೂ ಕೇಳಿಸಿಕೊಳ್ಳುವ ಕೆಲಸ ಕೂರ್ಮಪ್ಪನ ಪಾಲಿಗೆ ಬಂತು. ಅವನು ಕತ್ತು ಹೊರಗೆ ಚಾಚಿ ಕೇಳುತ್ತಿದ್ದ. ನಡುವೆ ಎದ್ದುಹೋಗದ ಕೇಳುಗ ಸಿಗುವುದು ಯಾವ ಊರಿನಲ್ಲಾದರೂ ಅಪರೂಪ.

ಈಗ ಊಟದ ವಿಷಯ. ಮೊದಲ ದಿನ ನಾನು ತೊಟ್ಟಿಯ ನೀರಿಗೇ ಅನ್ನದ ಅಗುಳು ಹಾಕಹೋದೆ. ಅತ್ಯಾ ಕೈ ಹಿಡಿದಳು.

"ಮೈ ತೊಳಕೊಳ್ಳೋ ನೀರಾಗ ಯಾರರೆ ಉಣ್ತಾರೇನು? ಮಂದಿ ಏನಂದಾರು!"

ಅಲ್ಲಿಂದ ಆರಂಭವಾಯಿತು ಮಣೆ. ಕೂರ್ಮಪ್ಪನನ್ನು ನೀರಿನಿಂದೆತ್ತಿ, ಅರಿವೆಯಿಂದ ಒರೆಸಿ, ಮಣೆಯ ಮೇಲೆ ಕೂಡಿಸಿ ಬಡಿಸುವುದು. ಅದು ಚಾತುರ್ಮಾಸ. ವ್ರತದ ಕ್ರಮ ಬಲ್ಲವರಿಗೆ ಗೊತ್ತು: ಮೊದಲ ತಿಂಗಳು ಕಾಯಿಪಲ್ಯವಿಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ಅತ್ಯಾಳಿಗೆ ಇಲ್ಲದ್ದು ಕೂರ್ಮಪ್ಪನಿಗೂ ಇಲ್ಲ. ಏಕಾದಶಿಯಂದು ಇಬ್ಬರಿಗೂ ನಿರಾಹಾರ. ಆರೋಗ್ಯಕ್ಕೆ ಇದಕ್ಕಿಂತ ಶುದ್ಧವಾದ ಆಹಾರ ಬೇರೆ ಯಾವುದಿದೆ? ಕೂರ್ಮಪ್ಪ ಅನ್ನಕ್ಕೆ ಬಾಯಿ ಹಾಕುತ್ತಿದ್ದ, ಅಗುಳನ್ನು ಕಚ್ಚುತ್ತಿದ್ದ, ಆಮೇಲೆ ಏನೋ ನೆನಪಾದವನಂತೆ ಬಾಯಿ ತೆರೆದು ಬಿಟ್ಟುಬಿಡುತ್ತಿದ್ದ. "ವೈರಾಗ್ಯ ನೋಡು," ಎಂದು ಅತ್ಯಾ ನನ್ನ ತಟ್ಟೆಯ ಕಡೆ ಕಣ್ಣು ಹಾಯಿಸುತ್ತಿದ್ದಳು.

ಶಾಸ್ತ್ರಾಧಾರವೂ ಇತ್ತು. ಹಕ್ಕಿ ಮರಿಯನ್ನು ಮುಟ್ಟಿ ಸಾಕುತ್ತದೆ, ಮೀನು ನೋಡಿ ಸಾಕುತ್ತದೆ, ಆಮೆ ದೂರದಲ್ಲಿದ್ದೇ ನೆನೆದು ಸಾಕುತ್ತದೆ ಎಂದು ಹಿರಿಯರು ಹೇಳುತ್ತಾರೆ. ತಾಯಿಯ ನೆನಪಿನಿಂದಲೇ ಹೊಟ್ಟೆ ತುಂಬುವ ಜಾತಿಗೆ ಅಗುಳೇಕೆ ಎಂಬುದು ಅತ್ಯಾಳ ವಾದ. ನಾನೂ ಯೋಚಿಸಿದೆ. ಮಂದರ ಪರ್ವತ ಬೆನ್ನ ಮೇಲಿದ್ದಾಗ ದೇವರು ಏನು ತಿಂದುಕೊಂಡಿದ್ದ? ಕಡಲು ಕಡೆದಾಗ ಹುಟ್ಟಿದ್ದೆಲ್ಲದರ ಯಾದಿ ಕೊಟ್ಟ ಪುರಾಣಿಕರು, ಗುಡ್ಡ ಹೊತ್ತವನ ಊಟದ ಬಗ್ಗೆ ತುಟಿ ಬಿಚ್ಚಿಲ್ಲ. ಭಾರ ಹೊರುವವರ ಊಟವನ್ನು ವಿಚಾರಿಸುವ ಪದ್ಧತಿ ನಮ್ಮಲ್ಲಿ ಆಗಲೂ ಇರಲಿಲ್ಲವೆಂದು ಕಾಣುತ್ತದೆ.

ಮೊಸರು ಬಿಟ್ಟ ತಿಂಗಳಲ್ಲಿ ಕೂರ್ಮಪ್ಪ ಕತ್ತು ಚಾಚುವುದನ್ನೂ ಬಿಟ್ಟ. ಕಣ್ಣು ಊದಿ ಮುಚ್ಚಿಕೊಂಡವು. ಬೆನ್ನ ಚಿಪ್ಪಿಗೆ ಬೆರಳೊತ್ತಿದರೆ ಹಸಿ ಹಪ್ಪಳದಂತೆ ತಗ್ಗುತ್ತಿತ್ತು. ಆ ದಿನ ಏಕಾದಶಿಯಲ್ಲದಿದ್ದರೂ ಅತ್ಯಾ ಉಣ್ಣಲಿಲ್ಲ. ತೊಟ್ಟಿಯ ಪಕ್ಕ ಕೂತಿದ್ದಳು.

"ಇಂವಾ ಹೋದರ ಈ ಊರಾಗ ನಾ ಯಾರ ಕೂಡ ಮಾತಾಡ್ಲೋ, ವೆಂಕ್ಯಾ?" ಎಂದಳು.

ನನ್ನನ್ನು ಕಾಪಾಡಲೆಂದು ಬಂದವಳು ನನ್ನೆದುರಿಗೇ ಒಂಟಿಯಾಗಿದ್ದಳು. ನಾಚಿಕೆಯಾಯಿತು. ರಜೆ ಹಾಕಿ ಕೂರ್ಮಪ್ಪನನ್ನು ಅದೇ ಡಾಲ್ಡಾ ಡಬ್ಬಿಯಲ್ಲಿಟ್ಟುಕೊಂಡು ದಾದರಿನ ಪ್ರಾಣಿಗಳ ಡಾಕ್ಟರಲ್ಲಿಗೆ ಓಡಿದೆ.

ಏನು ತಿನ್ನಿಸುತ್ತೀರಿ ಎಂದು ಡಾಕ್ಟರು ಕೇಳಿದರು. ನಾನು ವ್ರತದ ಕ್ರಮವನ್ನು ಮರಾಠಿಯಲ್ಲಿ ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಸಾಹೇಬ್, ಹೇ ಕಾಸವ ಆಹೇ, ಸಂನ್ಯಾಸೀ ನಾಹೀ," ಎಂದು ನಕ್ಕರು. ಇದು ಆಮೆ, ಸಂನ್ಯಾಸಿಯಲ್ಲ ಎಂದು. ಮಣೆಯ ಸಂಗತಿ ಹೇಳಿದಾಗ ಅವರ ನಗು ನಿಂತಿತು. ಈ ಜಾತಿಯ ಆಮೆ ನೀರಿನೊಳಗಲ್ಲದೆ ನುಂಗಲಾರದಂತೆ. ಒಣ ನೆಲದ ಮೇಲೆ ಕಚ್ಚೀತು, ತುತ್ತು ಗಂಟಲಲ್ಲಿ ಇಳಿಯದು. ಅಂದರೆ ನಾವು ಕಂಡ ವೈರಾಗ್ಯವೆಲ್ಲ ಬರೀ ಹಸಿವು. ಇನ್ನು ಮುಂದೆ ಮುಳ್ಳು ಸಮೇತ ಸಣ್ಣ ಮೀನು, ಸಿಪ್ಪೆಯ ಸಿಗಡಿ, ಎರೆಹುಳ, ಒಂದಿಷ್ಟು ಸೊಪ್ಪು, ಮೇಲೆ ಬಿಸಿಲು. ಇಷ್ಟಾದರೆ ಬದುಕೀತು, ಇಲ್ಲವಾದರೆ ಇಲ್ಲ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಮೀನು ಎಂಬ ಮಾತನ್ನು ಮಾತ್ರ ತಗ್ಗಿದ ದನಿಯಲ್ಲಿ ಹೇಳಿದೆ. ಅತ್ಯಾ ಮಣೆಯನ್ನೆತ್ತಿ ಗೋಡೆಗೆ ಆನಿಸಿಟ್ಟಳು.

"ಎಲಿ ಮುಂದ ಕೂಡಿಸಿ ಉಪವಾಸ ಕೆಡವಿದೆನಲ್ಲೋ," ಎಂದಳು. ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಎದ್ದಳು. ಕೂರ್ಮಪ್ಪನನ್ನು ತಗಡಿನ ತೊಟ್ಟಿಗೆ ಬಿಟ್ಟು, ಅದನ್ನು ಸೊಂಟಕ್ಕೇರಿಸಿ ಖೋಲಿಗಳ ಮುಂದಿನ ಗ್ಯಾಲರಿಗೆ ನಡೆದಳು. ಅಷ್ಟು ದಿನ ಯಾವ ಮನೆಯ ವಾಸನೆಗೆ ಕಿಟಕಿ ಮುಚ್ಚುತ್ತಿದ್ದಳೋ ಅದೇ ಮನೆಯ ಬಾಗಿಲಿನ ಮುಂದೆ ನಿಂತು ಕೂಗಿದಳು: "ವಾರಿಜಾ, ಏ ವಾರಿಜಾ! ಒಂದೀಟು ಹೊರಗ ಬಾರವಾ."

ವಾರಿಜಕ್ಕ ಕೈ ಒರೆಸಿಕೊಳ್ಳುತ್ತ ಗಾಬರಿಯಿಂದ ಬಂದಳು. "ಎಂತ ಅಮ್ಮಾ? ವಾಸನೆ ಜಾಸ್ತಿ ಆಯ್ತಾ?"

"ವಾಸನಿ ಇರಲಿ. ಇವಂಗ ಒಂದ ತುಣುಕು ಹಾಕು. ನೀರಾಗ ಹಾಕು. ನಾ ಆಕಡೆ ಮಾರಿ ಮಾಡ್ತೀನಿ."

"ಅಯ್ಯೋ ಪಾಪ, ಅದಕ್ಕೇನಂತೆ, ಕೊಡುವಾ ಅಮ್ಮಾ."

ಅತ್ಯಾ ಮುಖ ತಿರುಗಿಸಿ ಕೈ ಮುಗಿದು ನಿಂತಳು. ನೀರಿನಲ್ಲಿ ಬಂಗುಡೆಯ ಚೂರು ಬಿತ್ತು. ಕೂರ್ಮಪ್ಪ ಮೊದಲು ಅಲುಗಾಡಲಿಲ್ಲ. ಆಮೇಲೆ ಮೂಗು ಮುಂದೆ ಬಂತು, ಬಾಯಿ ತೆರೆಯಿತು, ಚೂರು ಮಾಯವಾಯಿತು. "ನುಂಗಿತು ಅಮ್ಮಾ!" ಎಂದು ವಾರಿಜಕ್ಕ ಕೂಗಿದಾಗ ಅತ್ಯಾ ಮಾರಿ ಆಕಡೆ ಮಾಡಿದ್ದನ್ನು ಮರೆತು ತೊಟ್ಟಿಯೊಳಗೆ ಬಗ್ಗಿ ನೋಡಿದಳು.

ಅಂದಿನಿಂದ ಕೂರ್ಮಪ್ಪನ ಊಟ ಪಕ್ಕದ ಮನೆಯಲ್ಲಿ, ವಾಸ ನಮ್ಮಲ್ಲಿ. ಉಂಡು ಬಂದವನಿಗೆ ಹೊಸ ನೀರು, ಮೇಲೊಂದು ತುಳಸೀದಳ. ಮಳೆ ಹೊಳವಾದ ಮೇಲೆ ಗ್ಯಾಲರಿಯಲ್ಲಿ ಬಿಸಿಲು ಕಾಯಿಸುವ ನೆಪದಲ್ಲಿ ಇಬ್ಬರು ಹೆಂಗಸರೂ ಮಧ್ಯಾಹ್ನ ಪೂರ್ತಿ ಅಲ್ಲೇ. ಧಾರವಾಡದ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ನಡುವೆ ತೊಟ್ಟಿಯೊಂದು. ದೀಪಾವಳಿಯ ಹೊತ್ತಿಗೆ ಚಿಪ್ಪು ಗಟ್ಟಿಯಾಯಿತು. ಕಿಟಕಿ ಮುಚ್ಚುವುದು ನಿಂತೇ ಹೋಯಿತು. ಕೂರ್ಮಪ್ಪ ಈಗ ಅತ್ಯಾಳ ಮಾತಿನ ನಡುವೆಯೇ ಬೆನ್ನು ತಿರುಗಿಸಿ ಮುಳುಗುತ್ತಿದ್ದ. ಅವಳಿಗೆ ಅದರ ಬೇಸರವೇನೂ ಇದ್ದಂತೆ ಕಾಣಲಿಲ್ಲ.

ಒಂದು ಶುಕ್ರವಾರ ಸಂಜೆ ನನಗೆ ಸುಮ್ಮನಿರಲಾಗಲಿಲ್ಲ. "ಏನ ಅತ್ಯಾ, ಮೀನ ತಿಂದ ದೇವರು ಮನಿಯೊಳಗ! ಮೂರು ತಲೆಮಾರಿನ ಮಡಿ ಎಲ್ಲಿ ಹೋತು?" ಎಂದು ಕೆಣಕಿದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ತುತ್ತು ಎಲ್ಲಿ ಇಳೀತದೋ ಅಲ್ಲಿ ಉಣಬೇಕಪ್ಪಾ. ನೀ ಶನಿವಾರಕ್ಕೊಮ್ಮೆ ಏಲಕ್ಕಿ ತಿಂದು ಬರ್ತೀ. ನಾ ಯಾವತ್ತರೆ ಕೇಳೇನೇನು, ಏಲಕ್ಕಿಕಿಂತಾ ಮೊದಲ ಏನು ತಿಂದೀ ಅಂತ?"

ಅತ್ಯಾ ಕಲ್ಲೊಂದನ್ನು ಹೆಕ್ಕಿ ಕಿಟಕಿಯಾಚೆ ಒಗೆದಳು.

ಮರುದಿನ ಶನಿವಾರ. ಇರಾಣಿ ಹೋಟೆಲಿನ ಅದೇ ಮೇಜು, ಅದೇ ಆಮ್ಲೆಟ್. ಈಗ ಹೆದರುವ ಕಾರಣವಿರಲಿಲ್ಲ, ಏಲಕ್ಕಿಯ ಖರ್ಚೂ ಉಳಿದಿತ್ತು. ಆದರೂ ಮೊದಲ ತುತ್ತು ಗಂಟಲಲ್ಲಿ ನಿಂತುಬಿಟ್ಟಿತು. ವೇಟರನನ್ನು ಕರೆದು ಒಂದು ಗ್ಲಾಸು ನೀರು ತರಿಸಿಕೊಂಡೆ. ನೀರಿನ ಜೊತೆ ಇಳಿಯಿತು.