ಆಕಳ ಬಾಯಿಗೆ ಹೋದ ಕೈ

ತಳಕಲ್ಲಿನಿಂದ ಹೊಲದ ದಾರಿ ಹಿಡಿದು ನಡೆದರೆ, ಎರೆ ನೆಲ ಮುಗಿದು ಕಲ್ಲು ದಿಬ್ಬಗಳ ಮರಡಿ ಶುರುವಾಗುವ ಕಡೆ ಐದಾರು ಮನೆಗಳಿದ್ದವು. ಅವುಗಳಲ್ಲಿ ಕೊನೆಯದು ಹುಲಿಗವ್ವನದು. ಗಂಡ ಗಿಡ್ಡಪ್ಪ, ಈಚೆಗಷ್ಟೇ ನಡೆಯಲು ಕಲಿತು ಒಂದು ಕಡೆ ಕೂರಲು ಒಲ್ಲದ ಮಗಳು ಸಣ್ಣವ್ವ, ಸಣ್ಣದೊಂದು ಕುರಿ ಹಿಂಡು, ಒಂದು ಜೋಡಿ ಎತ್ತು, ತುಂಬು ಗಬ್ಬದ ಕೆಂದಾಕಳು. ಇಷ್ಟು ಅವಳ ಸಂಸಾರ. ಅವು ಯುದ್ಧದ ವರ್ಷಗಳು. ಸಿಪಾಯಿಗಳನ್ನು ತುಂಬಿಕೊಂಡ ರೈಲು ಭಾನಾಪುರದ ಮೇಲೆ ಹಾದುಹೋಗುವುದನ್ನು ಬಿಟ್ಟರೆ ಯುದ್ಧದ ಸುದ್ದಿ ಅಲ್ಲಿಗೆ ಅಷ್ಟಾಗಿ ಬರುತ್ತಿರಲಿಲ್ಲ.

ಹುಲಿಗವ್ವನ ದಿನ ಮರಿಗಳಿಂದ ಶುರುವಾಗಿ ಮರಿಗಳಲ್ಲೇ ಮುಗಿಯುತ್ತಿತ್ತು. ನಸುಕಿನಲ್ಲಿ ಅವಕ್ಕೆ ಮೊಲೆ ಕುಡಿಸಿ, ತಾಯಿಗಳನ್ನು ಗಂಡನ ಹಿಂದೆ ಅಡವಿಗೆ ಅಟ್ಟಿ, ಮರಿಗಳನ್ನು ಜಾಲಿ ಮುಳ್ಳಿನ ಬೇಲಿಯೊಳಗೆ ಕೂಡುತ್ತಿದ್ದಳು. ಆಮೇಲೆ ಸಗಣಿ, ಕಸ, ರೊಟ್ಟಿ. ಸಂಜೆ ಹಿಂಡು ಬಂದಾಗ ಒಂದೊಂದು ಮರಿಯನ್ನೂ ಅದರ ತಾಯಿಗೇ ಬಿಡಬೇಕು. ಆ ಗದ್ದಲದಲ್ಲಿ ಅವಳು ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ.

ಎಳ್ಳಮಾವಾಸ್ಯೆ ಕಳೆದ ಮೇಲೆ ಒಂದು ಮಧ್ಯಾಹ್ನ, ನೆತ್ತಿಯ ಮೇಲೆ ಬಿಸಿಲಿರುವಾಗ, ಬೇಲಿಯ ಗಂಡಿಯಿಂದ ಒಂದು ನರಿ ಒಳಗೆ ಬಂತು. ನಾಯಿ ಹಿಂಡಿನ ಜೊತೆ ಹೋಗಿತ್ತು. ಹುಲಿಗವ್ವ ಕೂಗಿದಳು, ಕಲ್ಲು ಬೀಸಿದಳು. ನರಿ ಓಡಲಿಲ್ಲ. ತಲೆ ತಗ್ಗಿಸಿ, ಕುಡಿದವರ ಹಾಗೆ ವಾಲಾಡುತ್ತ ಅಂಗಳ ದಾಟಿ, ಆಕಳನ್ನು ಕಟ್ಟಿದ್ದ ಗೋದಲಿಯ ಹಿಂದೆ ಸುತ್ತಿ, ಬಂದ ದಾರಿಯಲ್ಲೇ ಹೋಯಿತು. ಅಷ್ಟೂ ಹೊತ್ತು ಅವಳು ಬಡಿಗೆ ಹಿಡಿದು ಮರಿಗಳ ಮುಂದೆ ನಿಂತಿದ್ದಳು. ನರಿ ಬಂತೆಂದರೆ ಕುರಿಯವರ ಕಣ್ಣು ಹೋಗುವುದು ಮರಿಗಳ ಕಡೆಗೇ. ಸಂಜೆ ಗಿಡ್ಡಪ್ಪ ಕೇಳಿದ್ದೂ ಮರಿಗಳನ್ನೇ. ಎಲ್ಲ ಇವೆ ಎಂದಳು. ಮಾತು ಅಲ್ಲಿಗೆ ನಿಂತಿತು. ಮರುದಿನ ಆಕಳ ಮೂತಿಯ ಮೇಲೊಂದು ಗೀರು ಕಂಡಾಗ ಮುಳ್ಳು ತಾಗಿದೆ ಎಂದುಕೊಂಡಳು.

ಜೋಳ ಕೊಯ್ದು, ರಾಶಿ ಮುಗಿದು, ಕಣಕಿ ಬಣವೆ ಏರಿದ ಮೇಲೆ ಆಕಳು ಮೇವು ಬಿಟ್ಟಿತು. ಬಾಯಿ ಅರೆತೆರೆದು ನಿಂತಿತ್ತು. ಜೊಲ್ಲು ನೂಲಿನಂತೆ ನೆಲಕ್ಕೆ ಇಳಿಯುತ್ತಿತ್ತು. ನೀರಿಗೆ ಮೂತಿ ಹಾಕಿ, ನುಂಗಲಾರದೆ ತೆಗೆಯಿತು. ಕೂಗಿದರೆ ಒಡಕು ದನಿ.

ಗಂಟಲಲ್ಲಿ ದಂಟೋ ತೆನೆಯೋ ಸಿಕ್ಕಿದೆ ಎಂದ ಗಿಡ್ಡಪ್ಪ. ಅದು ಅವನ ಕಸುಬಿನ ಮಾತು. ಸುತ್ತಿನ ಊರುಗಳಲ್ಲಿ ದನದ ಗಂಟಲಿಗೆ ಏನಾದರೂ ಸಿಕ್ಕರೆ ಅವನನ್ನೇ ಕರೆಯುತ್ತಿದ್ದರು. ಕೈ ಸಣ್ಣದು, ಮೊಣಕೈವರೆಗೂ ಹೋಗುತ್ತಿತ್ತು. ಆ ಬೆಳಿಗ್ಗೆ ಬೇಲಿಗೆ ಮುಳ್ಳು ತುಂಬಿ ಮೈಯೆಲ್ಲ ಗೀರಿಕೊಂಡಿದ್ದ. ಹುಲಿಗವ್ವ ಕೊಂಬು ಹಿಡಿದಳು. ಅವನು ಕೈಗೆ ಎಣ್ಣೆ ಸವರಿ, ನಾಲಿಗೆಯನ್ನು ಪಕ್ಕಕ್ಕೆ ಎಳೆದು, ಒಳಗೆ ತೂರಿಸಿದ.

“ನಿಮ್ಮವ್ವನಂಗ ನೋಡು ಇದು,” ಎಂದ. “ನುಂಗಂಗಿಲ್ಲ, ಉಗುಳಂಗಿಲ್ಲ.”

ಅವಳು ನಕ್ಕಳು. ಅವನು ತಡಕಾಡಿದ, ಇನ್ನಷ್ಟು ಒಳಗೆ ತಡಕಾಡಿದ. ಏನೂ ಸಿಗಲಿಲ್ಲ. ನೊರೆ ಮೆತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡ.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕ ಓಬಳೆಪ್ಪ ಏನೋ ಕೇಳಲು ಬಂದವನು ಗಂಡಿಯಲ್ಲೇ ನಿಂತ. ಆಕಳನ್ನು ನೋಡಿದ. ಒಳಗೆ ಹೆಜ್ಜೆ ಇಡಲಿಲ್ಲ.

“ಗಿಡ್ಡಪ್ಪ, ಈ ಕಡೆ ನರಿ ಏನಾರ ಬಂದಿತ್ತೇನಪಾ?”

ಗಿಡ್ಡಪ್ಪ ಹೆಂಡತಿಯ ಮುಖ ನೋಡಿದ.

“ಬಂದಿತ್ರಿ ಕಾಕಾ,” ಎಂದಳು ಹುಲಿಗವ್ವ. “ಹಾಡಹಗಲಾಗ.”

“ಇದರ ಬಾಯಾಗ ಕೈ ಹಾಕಿಯೇನು?”

ಗಿಡ್ಡಪ್ಪ ತನ್ನ ಕೈಯನ್ನೇ ನೋಡುತ್ತಿದ್ದ. ಮುಳ್ಳಿನ ಗೀರುಗಳು ಎಣ್ಣೆಯಲ್ಲಿ ಕೆಂಪಗೆ ಎದ್ದು ಕಾಣುತ್ತಿದ್ದವು.

ಬೂದಿ ಕದಡಿದ ಬಿಸಿನೀರಿನಲ್ಲಿ ಹುಲಿಗವ್ವ ಆ ಕೈಯನ್ನು ತೊಳೆದಳು, ಅವನು ಸಾಕೆಂದ ಮೇಲೂ ತಿಕ್ಕಿದಳು. ಅವಳಿಗೆ ಆ ರೋಗ ಗೊತ್ತಿತ್ತು. ತವರೂರಾದ, ಇದೇ ಸೀಮೆಯ ಮಂಗಳೂರೆಂಬ ಹಳ್ಳಿಯಲ್ಲಿ, ಅವಳು ಸಣ್ಣವಳಿದ್ದಾಗ, ಚಿಗಪ್ಪನಿಗೆ ಹುಚ್ಚುನಾಯಿ ಕಚ್ಚಿತ್ತು. ಕುಷ್ಟಗಿ ಕಡೆಯ ಒಬ್ಬ ಸೊಪ್ಪಿನ ಮದ್ದಿನವನ ಹತ್ತಿರ ಕರೆದೊಯ್ದು ರಸ ಕುಡಿಸಿ ತಂದರು. ಗಾಯ ಮಾಯಿತು. ಎಲ್ಲರೂ ಮರೆತ ಮೇಲೆ ಒಂದು ದಿನ ಅವನನ್ನು ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಬೇಕಾಯಿತು. ಬಾಯಾರಿದೆಯೆಂದು ಕೂಗುತ್ತಿದ್ದವನಿಗೆ ನೀರಿನ ಚೆಂಬು ಒಯ್ದವಳು ಇವಳೇ. ಚೆಂಬು ಕಂಡೊಡನೆ ಅವನ ಕತ್ತು ಸೆಟೆದುಕೊಂಡ ರೀತಿಯನ್ನು ಅವಳು ಯಾರಿಗೂ ಬಿಡಿಸಿ ಹೇಳಿರಲಿಲ್ಲ.

ಆಕಳು ಸತ್ತಿತು. ಓಬಳೆಪ್ಪನ ಮಾತಿನಂತೆ ತೊಗಲು ಸುಲಿಯಗೊಡದೆ, ಹೊಟ್ಟೆಯ ಕರುವಿನ ಸಮೇತ ಆಳಕ್ಕೆ ಹೂಳಿದರು. ಗಿಡ್ಡಪ್ಪ ಅದೇ ಮದ್ದಿನವನ ಹತ್ತಿರ ಹೋಗಿಬರುತ್ತೇನೆಂದ. ಹುಬ್ಬಳ್ಳಿಯ ದವಾಖಾನೆಯಲ್ಲಿ ದಿನಾ ಹೊಟ್ಟೆಗೆ ಸೂಜಿ ಚುಚ್ಚುತ್ತಾರಂತೆ, ಅದಕ್ಕೇ ಜನ ಸಾಯುತ್ತಾರಂತೆ, ಅಷ್ಟು ದಿನ ಕುರಿ ಕಾಯುವವರು ಯಾರು ಎಂದ. ಎಲ್ಲರೂ ಮದ್ದಿಗೇ ಹೋಗುವುದು ಎಂದ.

“ನಮ್ಮ ಚಿಗಪ್ಪನೂ ಅಲ್ಲೇ ಹೋಗಿದ್ದ,” ಎಂದಳು ಹುಲಿಗವ್ವ. “ಕಟ್ಟಿದ ಕಂಬ ಇನ್ನೂ ಐತಿ, ನೋಡಿ ಬರ್ರಿ ಬೇಕಾದ್ರ. ಕುರಿ ನಾ ಕಾಯ್ತೀನಿ.”

ಅವನು ಭಾನಾಪುರದಲ್ಲಿ ರೈಲು ಹತ್ತಿದ. ಅವಳು ಓಬಳೆಪ್ಪನ ಹೆಂಡತಿ ದುರಗಮ್ಮನ ಕೈಗೆ ಮಗಳನ್ನು ಕೊಟ್ಟು ಹಿಂಡಿನ ಹಿಂದೆ ಹೋದಳು. ಮರಡಿಯ ಮೇಲೆ ನಿಂತರೆ ದೂರದ ದಾರಿ ಕಾಣುತ್ತಿತ್ತು. ದಾರಿಯಲ್ಲಿ ಯಾರಾದರೂ ಅವಸರದಿಂದ ಬರುತ್ತಿದ್ದರೆ ಸುದ್ದಿ ತಂದವರೇ ಎಂದು ಎಣಿಕೆ ಬಿಟ್ಟು ನೋಡುತ್ತಿದ್ದಳು. ಅವರು ತಮ್ಮ ಹೊಲಕ್ಕೆ ತಿರುಗಿಕೊಂಡ ಮೇಲೆ ಮತ್ತೆ ಕುರಿಗಳನ್ನು ಎಣಿಸುತ್ತಿದ್ದಳು.

ಗಿಡ್ಡಪ್ಪ ಸೊರಗಿ, ಬಗ್ಗಿ ನಡೆಯುತ್ತ ಬಂದ. ಸೂಜಿ ಮುಗಿದಿದ್ದವು. ಆದರೂ ತಿಂಗಳುಗಟ್ಟಲೆ ಕಾದು ನೋಡಬೇಕು, ಬಂದರೆ ಬಂತು, ಬರದಿದ್ದರೆ ಇಲ್ಲ ಎಂದಿದ್ದರಂತೆ ಡಾಕ್ಟರು. ಅವನು ಮನೆಯೊಳಗೆ ಕಾಲಿಡಲಿಲ್ಲ. ಕಂಬಳಿ ಒಯ್ದು ಕುರಿಗಳ ನಡುವೆ ಹಾಸಿಕೊಂಡ. ಆಮೇಲೆ ಹೆಂಡತಿಯನ್ನು ಕರೆದು, ದನಿ ಏರಿಸದೆ ಹೇಳಿದ:

“ನನಗ ಹಂಗೇನಾರ ಆದ್ರ, ಮೊದಲ ಸಣ್ಣವ್ವನ್ನ ಎತ್ಕೊಂಡು ಒಳಗ ಹೋಗು. ಅಗಳಿ ಹಾಕ್ಕೋ. ನಾ ಕರದ್ರೂ ತಗೀಬ್ಯಾಡ.”

ಅವಳು ಹೂಂ ಎಂದಳು. ಅವನ ಬಟ್ಟಲು ಬೇರೆ ಇಟ್ಟಳು, ಬೇರೆಯೇ ತೊಳೆದಳು. ಮಗಳು ಅಪ್ಪನ ಕಡೆ ಓಡಿದರೆ ಏನಾದರೂ ನೆವ ಹೇಳಿ ಎತ್ತಿಕೊಂಡು ಬರುತ್ತಿದ್ದಳು. ಅವನು ನೋಡಿಯೂ ನೋಡದಂತೆ ಇರುತ್ತಿದ್ದ. ಬೆಳಿಗ್ಗೆ ಅವನ ದನಿ ಕಟ್ಟಿದ್ದರೆ ಅವಳ ಕೈಯ ಕಸಬರಿಗೆ ನಿಲ್ಲುತ್ತಿತ್ತು. ಕೆಮ್ಮಿದರೆ ನಿಲ್ಲುತ್ತಿತ್ತು. ಅವನಿಗೆ ಅದು ತಿಳಿದಿತ್ತು. ಎದ್ದ ಕೂಡಲೇ ಚೆಂಬು ಎತ್ತಿ, ಒಳಗಿದ್ದವಳಿಗೆ ಕೇಳಲೆಂದೇ, ಗಟಗಟ ಸದ್ದು ಮಾಡಿ ನೀರು ಕುಡಿಯುತ್ತಿದ್ದ. ಆ ಸದ್ದು ಕೇಳಿದ ಮೇಲೆಯೇ ಅವಳು ಒಲೆ ಹೊತ್ತಿಸುತ್ತಿದ್ದಳು.

ಕಾರಹುಣ್ಣಿಮೆ ಬಂತು, ಹೋಯಿತು. ಮೊದಲ ಮಳೆಗೆ ಕುರಿಗಳ ಮೈ ತೊಳೆದು ಉಣ್ಣೆ ಕತ್ತರಿಸಲು ಕೂತರು. ಹುಲಿಗವ್ವ ಕುರಿಯ ಕಾಲು ಹಿಡಿದಿದ್ದಳು, ಗಿಡ್ಡಪ್ಪ ಕತ್ತರಿ ಆಡಿಸುತ್ತಿದ್ದ. ಅವನು ಅರ್ಧ ಕುಡಿದಿಟ್ಟ ಅಂಬಲಿಯ ಬಟ್ಟಲು ಹಿಂದಿನ ಕಲ್ಲಿನ ಮೇಲಿತ್ತು. ಸಣ್ಣವ್ವ ಎರಡೂ ಕೈಯಲ್ಲಿ ಅದನ್ನು ಎತ್ತಿ ಬಾಯಿಗಿಟ್ಟಿದ್ದಳು. ಅವರು ನೋಡುವಷ್ಟರಲ್ಲಿ ಗಲ್ಲದ ಮೇಲೆಲ್ಲ ಅಂಬಲಿ ಸುರಿದಿತ್ತು.

ಕತ್ತರಿ ನಿಂತಿತ್ತು. ಹುಲಿಗವ್ವ ಗಂಡನ ಮುಖ ನೋಡಿದಳು. ಆಕಳ ಬಾಯಿಂದ ಕೈ ತೆಗೆದ ದಿನವೂ ಆ ಮುಖದಲ್ಲಿ ಇಷ್ಟು ಭಯ ಇರಲಿಲ್ಲ. ಅವನು ಮಗಳ ಕಡೆ ಕೈ ಚಾಚಲಿಲ್ಲ. ಕೈಗಳನ್ನು ಹಿಂದಕ್ಕೆ ಎಳೆದುಕೊಂಡು, ತಾನೇ ನರಿಯೆಂಬಂತೆ, ಕುಕ್ಕರಗಾಲಿನಲ್ಲೇ ದೂರ ಸರಿದ.

ಅವಳು ಕುರಿಯ ಕಾಲು ಬಿಟ್ಟು ಎದ್ದಳು. ಮಗಳ ಕೈಯಿಂದ ಬಟ್ಟಲು ತೆಗೆದುಕೊಂಡಳು. ತಳದಲ್ಲಿ ಎರಡು ಗುಟುಕು ಉಳಿದಿತ್ತು. ಎಸೆಯಲೆಂದು ಎತ್ತಿದ ಕೈ ಅಲ್ಲೇ ನಿಂತಿತು. ಬಟ್ಟಲನ್ನು ತುಟಿಗೆ ತಂದು ಉಳಿದದ್ದನ್ನು ತಾನು ಕುಡಿದಳು.

“ಉಪ್ಪ ಹಾಕಿಲ್ಲ ನಾ ಇದಕ್ಕ,” ಎಂದಳು. “ಹೇಳಬಾರದೇನ್ರಿ?”

“ದಿನಾ ಹಂಗ ಇರತೈತಿ,” ಎಂದ ಗಿಡ್ಡಪ್ಪ.

ಅರ್ಧ ಉಣ್ಣೆ ಕತ್ತರಿಸಿದ ಕುರಿ ಗಂಡಿ ದಾಟಿ ಹೊಲಕ್ಕೆ ಬಿದ್ದಿತ್ತು. ಅದನ್ನು ಹಿಡಿಯಲು ಅವನು ಎದ್ದ. ಸಣ್ಣವ್ವ ಅಪ್ಪನ ಹಿಂದೆ ಓಡಿದಳು. ಹುಲಿಗವ್ವ ಅವಳನ್ನು ಹಿಂದಕ್ಕೆ ಕರೆಯಲಿಲ್ಲ.