ಅನುಮೋದಕರು ಯಾರ್ರಿ?

ಮಲ್ಲಪ್ಪ, ಅವತ್ತು ತಿಕೋಟಾದ ಸಭೆಯಲ್ಲಿ ನಿನ್ನನ್ನು ಒಂಟಿ ಮಾಡಿದವರು ಸಾಹುಕಾರರಲ್ಲ—ನಾನು.

ನಮ್ಮ ದ್ರಾಕ್ಷಿ ಬೆಳೆಗಾರರ ಸಂಘದ ಪದ್ಧತಿ ನಿನಗೆ ಗೊತ್ತು. ಅಧ್ಯಕ್ಷನಾಗಬೇಕೆನ್ನುವವನು ಎದ್ದು ಹೆಸರು ಹೇಳಬೇಕು, ಇನ್ನೊಬ್ಬ ಸದಸ್ಯ ಎದ್ದು ನಿಂತು ಅನುಮೋದಿಸಬೇಕು. ಪ್ರತಿ ವರ್ಷ ಸಾಹುಕಾರರೊಬ್ಬರೇ ಏಳುತ್ತಿದ್ದರು, ಅವರ ಅಳಿಯ ಅನುಮೋದಿಸುತ್ತಿದ್ದ, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಕೋಲ್ಡ್ ಸ್ಟೋರೇಜಿನ ಬೀಗದ ಕೈ ಅವರಲ್ಲಿತ್ತಲ್ಲ! ಯಾರ ಒಣದ್ರಾಕ್ಷಿ ಒಳಗೆ, ಯಾರದು ಹೊರಗೆ ಎಂಬುದು ಅವರ ಮರ್ಜಿ. ಅವರು ಬೈದವರಲ್ಲ, ಹೊಡೆದವರಲ್ಲ. ಚಹಾ ಕುಡಿಸಿ, ಹೆಗಲ ಮೇಲೆ ಕೈ ಹಾಕಿಯೇ ಹೆದರಿಸುತ್ತಿದ್ದರು.

ನೀನು ಅವರೆದುರು ನಿಲ್ಲುತ್ತೇನೆ ಎಂದೆ. ಘೋಣಸಗಿಯ ನಿನ್ನ ದ್ರಾಕ್ಷಿ ಪಡದಲ್ಲಿ, ಬಳ್ಳಿಗಳ ನೆರಳಿಗೆ ಕೂತು ರೊಟ್ಟಿ ತಿನ್ನುತ್ತಾ ನಾನೇ ಹೇಳಿದ್ದೆ, "ಹೆದರಬ್ಯಾಡೋ, ನಿನಗ ಅನುಮೋದಕ ನಾ ಅದೇನಿ." ನಿನ್ನ ಮನೆಯಾಕೆ, ನಮ್ಮ ವೈನಿ, ಅದನ್ನು ಕೇಳಿ ನಕ್ಕು, ನನಗೆ ಇನ್ನೊಂದು ರೊಟ್ಟಿ ನೀಡಿದ್ದರು.

ಸಭೆಯಲ್ಲಿ ನೀನು ಎದ್ದೆ. ಸಾಹುಕಾರರು ಸಿಟ್ಟಾಗಲೇ ಇಲ್ಲ.

"ಭೇಷ್ ಮಲ್ಲಪ್ಪ! ಅನುಮೋದಕರು ಯಾರ್ರಿ? ಎದ್ದ ನಿಲ್ರಿ, ನಾವೂ ಮುಖಾ ನೋಡತೀವಿ."

ನನ್ನ ಮಾಲೂ ಆಗ ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ ನಿಂತಿತ್ತು—ಇಲ್ಲ, ಅದನ್ನು ನೆಪ ಮಾಡಲಾರೆ. ನೀನು ಹೊರಳಿ ನನ್ನನ್ನೇ ನೋಡಿದೆ. ನಾನು ಚಪ್ಪಲಿ ಹುಡುಕುವವನಂತೆ ಬಗ್ಗಿದೆ. ಥೂ, ನನ್ನ ಜನ್ಮಕ್ಕಿಷ್ಟು! ಆಮೇಲೆ ಸಾಹುಕಾರರ ಹೆಸರಿಗೆ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಆ ವರ್ಷ ನಿನ್ನ ಮಾಲಿಗೆ ಒಳಗೆ ಜಾಗ ಸಿಗಲಿಲ್ಲ. ಬಿಸಿಲಿಗೆ ಕಪ್ಪಾಯಿತು. ಮರುವರ್ಷವೂ ಅದೇ. ಕೊನೆಗೆ ಪಡ ಕಿತ್ತುಹಾಕಿ, ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಯಾರದೋ ಅಂಗಡಿಯ ಕೆಲಸಕ್ಕೆ ಸೇರಿದೆ. ಆ ಕಡೆ ಬಂದಾಗಲೆಲ್ಲ ನಾನು ರಸ್ತೆಯ ಎದುರಿನ ಮಗ್ಗುಲಿನಿಂದ ಹಾದುಹೋಗಿದ್ದೇನೆ.

ಈ ವರ್ಷ ಸಾಹುಕಾರರು ಬಿದ್ದರು. ಹೋರಾಟ ಗೀರಾಟ ಏನೂ ಆಗಲಿಲ್ಲ, ಮಾರಾಯಾ. ಅಳಿಯನಿಗೂ ಅವರಿಗೂ ಮನೆಯಲ್ಲಿ ಜಗಳವಾಗಿತ್ತು, ಅವನು ಅನುಮೋದಿಸಲು ಏಳಲಿಲ್ಲ. ನಾವೆಲ್ಲ ಪಕ್ಕದವರ ಮುಖ ನೋಡಿದೆವು.

"ಯಾರೂ ಇಲ್ಲೇನ್ರಿ?" ಎಂದರು ಮುದುಕರು. ಅಷ್ಟೇ—ಮುಗಿಯಿತು. ಇಷ್ಟು ಸಸಾರವಿತ್ತೇ ಇದು? ಹಾಗಾದರೆ ಅವತ್ತು ನಾನೊಬ್ಬ ಎದ್ದಿದ್ದರೆ—

ಇಷ್ಟಕ್ಕೇ ನಿಲ್ಲಿಸಿದರೆ ನಾನು ಮತ್ತೆ ನಿನಗೆ ಮೋಸ ಮಾಡಿದಂತೆ. ಪೂರ್ತಿ ಕೇಳು.

ಆಮೇಲೆ ಅಳಿಯನೇ ಎದ್ದು ತನ್ನ ಹೆಸರು ಹೇಳಿದ. ಬೀಗದ ಕೈ ಆಗಲೇ ಅವನ ಕಿಸೆಯಲ್ಲಿತ್ತು. "ಅನುಮೋದಕರು ಯಾರ್ರಿ?" ಎಂದು ಸಭೆಯಲ್ಲಿ ಯಾರೋ ಕೇಳಿದರು.

ಎಲ್ಲರಿಗಿಂತ ಮೊದಲು ಎದ್ದು ನಿಂತವನು ನಾನು, ಮಲ್ಲಪ್ಪ.