ಅತ್ತಿಗೆ ಒಳಗೆ ಬೆಳೆಸಿದ ಗಿಡಗಳು

ಅತ್ತಿಗೆಯ ಮೂಗಿನ ಮೇಲಿಂದ ಎರಡೂ ಕೆನ್ನೆಗಳಿಗೆ, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ, ಒಂದು ಕೆಂಪು ಕಲೆ ಹರಡಿತ್ತು. ಮೊದಲ ಸಲ ನೋಡಿದವರು ಅದನ್ನು ನಾಚಿಕೆ ಎಂದುಕೊಳ್ಳುತ್ತಿದ್ದರು. ಅದು ಲೂಪಸ್ ಎಂಬ ಕಾಯಿಲೆಯ ಗುರುತು. ಬಿಸಿಲು ತಾಗಿದರೆ ರೋಗ ಕೆರಳುತ್ತದೆ, ಆದಷ್ಟು ಒಳಗೇ ಇರಿ ಎಂದು ವೈದ್ಯರು ಹೇಳಿದಾಗ ಅವರಿಗಿನ್ನೂ ನಲವತ್ತಾಗಿರಲಿಲ್ಲ. ಶಿರ್ತಾಡಿಯ ತವರಿನಲ್ಲಿ ಹಗಲಿಡೀ ಮಣ್ಣಿನಲ್ಲೇ ಇದ್ದು ಬೆಳೆದವರು. ಫರಂಗಿಪೇಟೆಯ ಫ್ಲ್ಯಾಟಿನ ಕಿಟಕಿಗಳಿಗೆ ಅಣ್ಣ ದಪ್ಪ ಪರದೆ ಹಾಕಿಸಿದ. ಬಾಲ್ಕನಿಯ ಕುಂಡಗಳನ್ನು ಯಾರಿಗಾದರೂ ಕೊಟ್ಟುಬಿಡುವ ಮಾತೂ ಬಂತು.

"ಕೊಡುವುದು ಬೇಡ. ನಾನು ಒಳಗೆ ಇರಬೇಕಾದರೆ ಅವು ಕೂಡ ಒಳಗೆ ಬರಲಿ," ಎಂದರಂತೆ ಅತ್ತಿಗೆ.

ಗಿಡಗಳಿಗೆಂದೇ ಮಾಡಿದ ಎಲ್‌ಇಡಿ ದೀಪಗಳನ್ನು ಅಣ್ಣ ತರಿಸಿಕೊಟ್ಟ. ಆ ಬೆಳಕು ತಮಗೆ ತೊಂದರೆಯಲ್ಲವೆಂದು ವೈದ್ಯರನ್ನು ಕೇಳಿ ತಿಳಿದುಕೊಂಡೇ ಅತ್ತಿಗೆ ಸ್ವಿಚ್ ಒತ್ತಿದ್ದು. ಮೊದಮೊದಲು ಬರೀ ಸೋಲು. ದೀಪ ಎತ್ತರದಲ್ಲಿದ್ದರೆ ಸಸಿಗಳು ನೂಲಿನಂತೆ ಸಪೂರವಾಗಿ ಎದ್ದು ಬೀಳುತ್ತಿದ್ದವು. ತಗ್ಗಿಸಿದರೆ ಎಲೆಯ ತುದಿ ಸುಡುತ್ತಿತ್ತು. ಅವರು ದೀಪಕ್ಕೆ ಹಗ್ಗ ಕಟ್ಟಿ, ಗಿಡ ಬೆಳೆದಂತೆ ಅದನ್ನು ಏರಿಸುತ್ತಾ ಬಂದರು. ಸುತ್ತ ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿ, ಆಚೀಚೆ ಹೋಗುವ ಬೆಳಕನ್ನು ಗಿಡಗಳಿಗೇ ತಿರುಗಿಸಿದರು. ಹೂ ಬಿಡುವವು ನಡುವೆ, ನೆರಳಿನಲ್ಲೂ ಬದುಕುವ ಜರೀಗಿಡಗಳು ಅಂಚಿಗೆ. ಎಷ್ಟು ಪರದೆ ಹಾಕಿದರೂ ಹೆದ್ದಾರಿಯ ಧೂಳು ಒಳಗೆ ಬರುತ್ತಿತ್ತು; ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ, ದೀಪವನ್ನು ಒಣ ಬಟ್ಟೆಯಲ್ಲಿ ಒರೆಸುವುದು ಅವರ ಬೆಳಗಿನ ಕೆಲಸ. ಸಂಜೆಯಾದರೆ ದೀಪ ಆರಲೇಬೇಕು.

"ಇಡೀ ದಿನ ಹಾಕಿಟ್ಟರೆ ಬೇಗ ಬೆಳೀತದೆ ಅಂತ ಜನ ತಿಳ್ಕೊಳ್ತಾರೆ. ಗಿಡಕ್ಕೂ ಕತ್ತಲೆ ಬೇಕು ಮಾರಾಯ್ತಿ," ಎನ್ನುತ್ತಿದ್ದರು.

ನಾನಿದ್ದದ್ದು ಬೆಳ್ತಂಗಡಿಯಲ್ಲಿ. ಚಾರ್ಮಾಡಿ ರಸ್ತೆಯಲ್ಲಿ ಬೈಕ್ ಅಪಘಾತವಾಗಿ ನನ್ನ ಗಂಡ ತೀರಿಕೊಂಡ ಮೇಲೆ ಅಣ್ಣ ನನ್ನನ್ನು ತನ್ನ ಮನೆಗೆ ಕರೆತಂದ. ನಾನು ಕೋಣೆ ಸೇರಿ ಮಲಗಿಬಿಟ್ಟೆ. ಸ್ನಾನ, ಊಟ ಯಾವುದೂ ಬೇಡ. ಒಂದು ಮಧ್ಯಾಹ್ನ ಅತ್ತಿಗೆ ಮಲ್ಲಿಗೆಯ ಕುಂಡವನ್ನೂ ಒಂದು ದೀಪವನ್ನೂ ತಂದು ನನ್ನ ಮಂಚದ ಪಕ್ಕ ಇಟ್ಟರು.

"ಅಲ್ಲಿ ಜಾಗ ಇಲ್ಲ. ಬೆಳಿಗ್ಗೆ ದೀಪ ಹಾಕು, ಸಂಜೆ ಆರಿಸು."

"ಟೈಮರ್ ಉಂಟಲ್ಲ ಅತ್ತಿಗೆ?"

"ಉಂಟು. ಇದಕ್ಕೆ ಹಾಕುವುದಿಲ್ಲ. ನೀನು ಏಳಬೇಕು."

ನಾನು ಏಳಲಿಲ್ಲ. ಅವರು ಬಂದು ಹಾಕಲೂ ಇಲ್ಲ. ಎಲೆಗಳು ಹಳದಿಯಾಗಿ ಉದುರತೊಡಗಿದವು. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಗಿಡವೆಂದರೆ ಜೀವ ಬಿಡುವ ಅವರಿಗೆ ಅದೆಷ್ಟು ಕಷ್ಟವಾಗಿರಬೇಕೆಂದು ಈಗ ತಿಳಿಯುತ್ತದೆ. ಒಂದು ಬೆಳಿಗ್ಗೆ ಉದುರಿದ ಎಲೆಯೊಂದು ನನ್ನ ದಿಂಬಿನ ಮೇಲಿತ್ತು. ಎದ್ದು ದೀಪ ಹಾಕಿದೆ. ನೀರು ತರಲೆಂದು ಹೊರಗೆ ಬಂದೆ. ಅಡುಗೆಮನೆಯಲ್ಲಿ ಅತ್ತಿಗೆ ಚಹಾದ ಲೋಟವನ್ನು ನನ್ನ ಕಡೆಗೆ ಸರಿಸಿದರು.

ಮಲ್ಲಿಗೆ ಚಿಗುರಿತು, ಹೂ ಮಾತ್ರ ಬಿಡಲಿಲ್ಲ. "ಇದಕ್ಕೆ ಈ ದೀಪ ಸಾಲದು, ಸೂರ್ಯನೇ ಆಗಬೇಕು," ಎಂದು ಅತ್ತಿಗೆ ನನ್ನ ಕೈಯಿಂದಲೇ ಅದನ್ನು ಬಾಲ್ಕನಿಯಲ್ಲಿ ಇಡಿಸಿದರು. ಬಿಸಿಲಿನ ಗೆರೆಯಿಂದ ಈಚೆಗೆ ನಿಂತು, "ನೀನೂ ಇನ್ನು ಹೊರಗೆ ಹೋಗು," ಎಂದರು. ಮೂಡುಬಿದಿರೆಯ ಶಾಲೆಯೊಂದರಲ್ಲಿ ನಾನು ಕೆಲಸಕ್ಕೆ ಸೇರಿದ್ದು ಆ ಮಾತಿನಿಂದ. ಇವತ್ತಿಗೂ ಅಲ್ಲೇ ಇದ್ದೇನೆ.

ಕಾಯಿಲೆ ನಿಧಾನವಾಗಿ ಅವರ ಕಿಡ್ನಿಗಳನ್ನು ಹಿಡಿಯಿತು. ಅವರು ಆಸ್ಪತ್ರೆ ಸೇರಿದಾಗಲೆಲ್ಲ ಗಿಡ ನೋಡಿಕೊಳ್ಳಲು ನಾನು ಫ್ಲ್ಯಾಟಿಗೆ ಬರುತ್ತಿದ್ದೆ. ಅಲ್ಲಿಂದ ನನಗೆ ಫೋನ್ ಮಾಡಿದರೆ ತಮ್ಮ ಸುದ್ದಿ ಹೇಳುತ್ತಿರಲಿಲ್ಲ, "ದೀಪ ಸ್ವಲ್ಪ ಮೇಲೆ ಮಾಡಿದಿಯಾ?" ಎಂದೇ ಕೇಳುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಹೋಗಿಬಿಟ್ಟರು.

ಅವರನ್ನು ಕೊನೆಯದಾಗಿ ಫ್ಲ್ಯಾಟಿನಿಂದ ಕೆಳಗೆ ತಂದಾಗ ಸುಡುವ ಮಧ್ಯಾಹ್ನ. ಗಾಡಿ ಗೇಟಿನ ಹೊರಗೆ ನಿಂತಿತ್ತು. ಕಟ್ಟಡದ ನೆರಳು ಮುಗಿಯುವಲ್ಲಿ ಅಣ್ಣ, "ಸ್ವಲ್ಪ ನಿಲ್ಲಿ," ಎಂದ. ಹೆಗಲು ಕೊಟ್ಟವರು ನಿಂತರು. ಅವನು ಕಾರಿನಿಂದ ಕೊಡೆ ತಂದು ಬಿಡಿಸಿ, ಅತ್ತಿಗೆಯ ಮುಖದ ಮೇಲೆ ಹಿಡಿದ. ತಾನು ಬಿಸಿಲಿನಲ್ಲಿ, ಗಾಡಿಯವರೆಗೂ ಹಾಗೆಯೇ ನಡೆದ.